ನ್ಯೂಟ್ರಲ್ಲಿಗೆ ಬಾರದ ವ್ಯಾನು

ಹೊಸೂರು ಸೀಮೆಯಲ್ಲಿ, ಬಾಗಲೂರಿನಾಚೆಯ ನಮ್ಮ ಊರಿಗೆ ದಿನಕ್ಕೆ ಎರಡೇ ಬಸ್ಸು ಬರುತ್ತಿದ್ದ ಕಾಲದ ಮಾತು ಇದು. ಆಗ ನಮಗೆ ಶಾಲೆಯಲ್ಲಿ ತಮಿಳು, ಅಂಗಡಿಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ. ಸುಳ್ಳು ಮಾತ್ರ ನಾನು ಮೂರರಲ್ಲೂ ಹೇಳುತ್ತಿದ್ದೆ. ಒಂಬತ್ತು ವರ್ಷಕ್ಕೇ ನನ್ನಷ್ಟು ಸಲೀಸಾಗಿ ಸುಳ್ಳು ಹೇಳುವವರು ನಮ್ಮ ಬೀದಿಯಲ್ಲಿ ಬೇರೆ ಯಾರೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಆ ವರ್ಷ ಪಿತೃಪಕ್ಷದಲ್ಲಿ ನಮ್ಮ ಮನೆಯಲ್ಲಿ ಆದದ್ದೆಲ್ಲ ನನ್ನ ಒಂದು ಸುಳ್ಳಿನಿಂದ ಶುರುವಾಯಿತು.

ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿ, ದೊಡ್ಡಪ್ಪ, ದೊಡ್ಡಮ್ಮ, ನಾನು. ದೊಡ್ಡಪ್ಪನಿಗೆ ಮಕ್ಕಳಿರಲಿಲ್ಲ. ಹಾಗಾಗಿ ನಾನು ಹಗಲೆಲ್ಲ ಅವರ ಮಗಳು, ರಾತ್ರಿ ಮಲಗುವುದಕ್ಕೆ ಮಾತ್ರ ಅಮ್ಮನ ಮಗಳು. ದೊಡ್ಡಪ್ಪನ ಹತ್ತಿರ ಒಂದು ನೀಲಿ ಬಣ್ಣದ ಹಳೇ ವ್ಯಾನಿತ್ತು. ಸುತ್ತಲ ತೋಟಗಳ ಗುಲಾಬಿ, ಕೋಸು, ಟೊಮೆಟೊ ತುಂಬಿಕೊಂಡು ಬೆಳಗಾಗುವ ಹೊತ್ತಿಗೆ ಹೊಸೂರು ಮಾರ್ಕೆಟ್ಟಿಗೆ ಮುಟ್ಟಿಸುತ್ತಿದ್ದ. ಆ ವ್ಯಾನಿನ ಒಳಗೆ ಡೀಸೆಲ್ಲು, ಬೀಡಿ, ಬಾಡಿದ ಗುಲಾಬಿ ಮೂರೂ ಸೇರಿದ ಒಂದು ವಾಸನೆ ಇತ್ತು. ನನಗೆ ಅದೇ ದೊಡ್ಡಪ್ಪನ ವಾಸನೆ.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಮಾರ್ಕೆಟ್ಟಿನಿಂದ ಬರುವಾಗ ದೊಡ್ಡಪ್ಪ ಎದೆನೋವು ಬಂದು ಸತ್ತುಹೋದ. ಪ್ರಾಣ ಹೋಗುವಾಗಲೂ ವ್ಯಾನನ್ನು ರಸ್ತೆಯ ಪಕ್ಕಕ್ಕೆ ಇಳಿಸಿ ನಿಲ್ಲಿಸಿದ್ದ. ಜನ ಹೋಗಿ ನೋಡಿದಾಗ ಎಂಜಿನ್ ಓಡುತ್ತಿತ್ತಂತೆ, ಗೇರು ನ್ಯೂಟ್ರಲ್ಲಿನಲ್ಲಿತ್ತಂತೆ, ದೊಡ್ಡಪ್ಪನ ಎಡಗೈ ಗೇರಿನ ಹಿಡಿಯ ಮೇಲಿತ್ತಂತೆ. ಆ ಬೆರಳುಗಳನ್ನು ಬಿಡಿಸುವುದಕ್ಕೆ ಇಬ್ಬರು ಬೇಕಾಯಿತು ಎಂದು ಊರಲ್ಲಿ ಎಲ್ಲರೂ ಹೇಳುತ್ತಿದ್ದರು.

ದೊಡ್ಡಮ್ಮ ಅಳಲಿಲ್ಲ. ಮಣ್ಣು ಮಾಡಿ ಬಂದ ದಿನವೂ ಅಳಲಿಲ್ಲ, ತಿಥಿಯ ದಿನವೂ ಅಳಲಿಲ್ಲ. ಉಣ್ಣು ಎಂದರೆ ಉಂಡಳು, ಕೂರು ಎಂದರೆ ಕೂತಳು. ಮಾತನ್ನೇ ಬಿಟ್ಟಳು. ನಾನು ತೊಡೆಯ ಮೇಲೆ ತಲೆ ಇಟ್ಟರೆ ಮೊದಲಿನ ಹಾಗೆ ಹೇನು ನೋಡುತ್ತಿರಲಿಲ್ಲ, ಕೈ ಸುಮ್ಮನೆ ನನ್ನ ತಲೆಯ ಮೇಲೆ ಬಿದ್ದಿರುತ್ತಿತ್ತು. ಹೀಗೇ ಬಿಟ್ಟರೆ ಇವಳೂ ಉಳಿಯುವುದಿಲ್ಲ ಎಂದು ಅಜ್ಜಿ ಅಮ್ಮನ ಹತ್ತಿರ ಪಿಸುಗುಟ್ಟುವುದು ನನ್ನ ಕಿವಿಗೆ ಬೀಳುತ್ತಿತ್ತು.

ವ್ಯಾನು ಅಪ್ಪನ ಕೈಗೆ ಬಂತು. ಆದರೆ ಅಪ್ಪನಿಗೂ ಅದರ ಗೇರಿಗೂ ಸರಿಹೊಂದಲಿಲ್ಲ. ಗೇರು ಯಾವುದಕ್ಕೂ ಸೇರದೆ ಮಧ್ಯದಲ್ಲಿ ಸಡಿಲವಾಗಿ ನಿಲ್ಲುವುದಕ್ಕೆ ನ್ಯೂಟ್ರಲ್ ಅನ್ನುತ್ತಾರೆ ಎಂದು ದೊಡ್ಡಪ್ಪನೇ ನನಗೆ ಕಲಿಸಿದ್ದ. ಈಗ ಅದು ಅಲ್ಲಿಗೆ ಸರಿಯಾಗಿ ಬರುತ್ತಿರಲಿಲ್ಲ. ಅಪ್ಪ ಹಿಂದಕ್ಕೂ ಮುಂದಕ್ಕೂ ಜಗ್ಗಾಡಿ, ಬೈದು, ಕೊನೆಗೆ ಎಂಜಿನ್ ಆರಿಸಿ ಇಳಿಯುತ್ತಿದ್ದ. "ಅಣ್ಣ ಕೈ ಬಿಟ್ಟಿಲ್ಲ ಇದ್ನ" ಎಂದು ಒಂದು ಸಲ ತಮಾಷೆಗೆ ಅಂದ. ಯಾರೂ ನಗಲಿಲ್ಲ.

ಕ್ವಾರ್ಟರ್ಲಿ ಪರೀಕ್ಷೆಯ ದಿನಗಳು. ಓದು ಎಂದು ಕೂರಿಸಿದ್ದರೆ ನಾನು ಎದ್ದು ಹೋಗಿ ವ್ಯಾನು ಹತ್ತಿದೆ. ಅದು ನಮ್ಮ ಅಂಗಳದಲ್ಲಿ ಕೊಟ್ಟಿಗೆಯ ಗೋಡೆಗೆ ಮುಖ ಮಾಡಿ ನಿಂತಿತ್ತು. ಹಿಂದಕ್ಕೆ ಇಳಿಜಾರು. ಇಳಿಜಾರಿನ ಕೊನೆಗೆ ಹುಲ್ಲಿನ ಮೆದೆ, ಅದರ ಪಕ್ಕ ಕಟ್ಟೆಯಿಲ್ಲದ ತೆರೆದ ಬಾವಿ. ನಾನು ಡ್ರೈವರ್ ಸೀಟಿನಲ್ಲಿ ಕೂತು "ಬಾಗಲೂರು, ಹೊಸೂರು, ರೈಟ್" ಎಂದು ಕೂಗಿಕೊಂಡೆ. ಎರಡೂ ಕಾಲಲ್ಲಿ ಕ್ಲಚ್ಚಿನ ಮೇಲೆ ನಿಂತು ಗೇರನ್ನು ಮುಂದಕ್ಕೆ ದೂಡಿದೆ. ಒಳಗೆಲ್ಲೋ ಕಟಕ್ ಎಂದಿತು. ತಕ್ಷಣ ಹಿಂದಕ್ಕೆ ಎಳೆದು ಮಧ್ಯಕ್ಕೆ ತಂದೆ. ಅಲ್ಲಾಡಿಸಿ ನೋಡಿದರೆ ಆ ಕಡೆ ಈ ಕಡೆ ಸಡಿಲವಾಗಿ ಆಡಿತು. ಸದ್ಯ ಎಂದುಕೊಂಡು ಇಳಿದು ಒಳಗೆ ಓಡಿಹೋದೆ.

ಸ್ವಲ್ಪ ಹೊತ್ತಿಗೆ ಅಪ್ಪ ಬಂದ. ನಮ್ಮ ಕಡೆ ಒಂದು ಅಭ್ಯಾಸವಿದೆ. ಎಂಜಿನ್ ಬಿಸಿಯಾಗಲಿ ಎಂದು ಗಾಡಿ ಹತ್ತದೆ, ನೆಲದ ಮೇಲೆ ನಿಂತೇ ಬಾಗಿಲಿನಿಂದ ಕೈ ಹಾಕಿ ಕೀ ತಿರುಗಿಸುತ್ತಾರೆ. ಅಪ್ಪನೂ ಹಾಗೇ ಮಾಡಿದ. ಮೊದಲು ಗೇರನ್ನು ಅಲ್ಲಾಡಿಸಿ ನೋಡಿದ್ದನ್ನು ನಾನು ಕಿಟಕಿಯಿಂದ ಕಂಡೆ. ಕೀ ತಿರುಗಿಸಿದ್ದೇ ತಡ, ವ್ಯಾನು ಮುಂದಕ್ಕೆ ನೆಗೆದು ಕೊಟ್ಟಿಗೆಯ ಗೋಡೆಗೆ ಗುದ್ದಿತು. ಅಜ್ಜಿ ಅಲ್ಲೇ ಕೂತು ಸೊಪ್ಪು ಸೋಸುತ್ತಿದ್ದವಳು ಆಗಷ್ಟೇ ನೀರು ಕುಡಿಯಲು ಎದ್ದು ಒಳಗೆ ಬಂದಿದ್ದಳು. ಅವಳ ಮೊರ ಚಕ್ರದ ಕೆಳಗೆ ಚಪ್ಪಟೆಯಾಗಿತ್ತು.

ಅಪ್ಪ ಒಳಗೆ ಬಂದ. ಕೈಯಲ್ಲಿ ಬಾರುಕೋಲಿತ್ತು.

"ಯಾರೇ ಗೇರ್ ಮುಟ್ಟಿದ್ದು? ನೀನೇ ತಾನೇ?"

"ನಾನಲ್ಲ."

"ಮತ್ಯಾರು ಮುಟ್ಟಿದ್ರು?"

ನನಗೆ ಬಾಯಿಗೆ ಬಂದದ್ದು ಒಂದೇ ಹೆಸರು. "ದೊಡ್ಡಪ್ಪ. ದೊಡ್ಡಪ್ಪ ಸೀಟಲ್ಲಿ ಕೂತಿದ್ದ. ಗೇರ್ ಹಾಕ್ತಿದ್ದ. ನಾನು ನೋಡ್ದೆ."

ಅಪ್ಪನ ಕೈ ಇಳಿಯಿತು. ಅಜ್ಜಿ ನಿಂತಲ್ಲೇ ಸೆರಗು ಬಾಯಿಗೆ ಒತ್ತಿಕೊಂಡಳು. ಆಗ ಅಡುಗೆಮನೆಯ ಬಾಗಿಲಿಗೆ ದೊಡ್ಡಮ್ಮ ಬಂದು ನಿಂತಳು. ಎಷ್ಟೋ ತಿಂಗಳಿಂದ ತಾನಾಗಿ ಬಾಯಿ ತೆರೆಯದವಳು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು ನನ್ನ ಮುಖವನ್ನೇ ನೋಡಿದಳು.

"ಹೆಂಗಿದ್ರು ಅಮ್ಮಣ್ಣಿ?"

"ಚೆನ್ನಾಗಿದ್ದ" ಎಂದೆ.

ಏಟು ತಪ್ಪಿತು. ಅಪ್ಪ ನಾಲ್ಕು ಜನರನ್ನು ಕರೆದು, ಕ್ಲಚ್ಚು ಒತ್ತಿ ಹಿಡಿದು, ವ್ಯಾನನ್ನು ಹಿಂದಕ್ಕೆ ತಳ್ಳಿಸಿ ಮೊದಲಿನ ಜಾಗದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಒಂದು ದಪ್ಪ ಕಲ್ಲು ಕೊಟ್ಟ. ಹೊಸೂರಿನ ಹತ್ತಿರದ ಆಲಸನತ್ತದ ಮೆಕ್ಯಾನಿಕ್ಕನನ್ನು ಕರೆತರುತ್ತೇನೆ ಎಂದು ಹೊರಟವನನ್ನು ಅಜ್ಜಿ ತಡೆದಳು. "ಪಿತೃಪಕ್ಷ ಕಣ್ಲಾ. ಅಮಾಸೆ ಎಡೆ ಆಗೋಗಂಟ ಅದ್ರ ಮೈ ಮುಟ್ಬ್ಯಾಡ." ಅಪ್ಪ ಹೋಗಲಿಲ್ಲ. ಅವನಿಗೂ ಒಳಗೊಳಗೆ ಹೆದರಿಕೆಯೇ ಇತ್ತು.

ಮಾರನೆಯ ದಿನದಿಂದ ಸಂಜೆ ದೀಪ ಹಚ್ಚುವ ಮೊದಲು ದೊಡ್ಡಮ್ಮ ಹೋಗಿ ವ್ಯಾನಿನ ಎಡಗಡೆ ಸೀಟಿನಲ್ಲಿ ಕೂರತೊಡಗಿದಳು. ಎರಡು ದಿನ ಸುಮ್ಮನೆ ಕೂತು ಬಂದಳು. ಮೂರನೆಯ ದಿನ ನಾನು ಮನೆಯ ಮುಂದೆ ಒಬ್ಬಳೇ ಕುಂಟೆಬಿಲ್ಲೆ ಆಡುತ್ತಿದ್ದೆ, ಮಾತು ಕೇಳಿಸಿತು. ಹತ್ತಿರ ಹೋಗಿ ಬಾಗಿಲಿನ ಕೆಳಗೆ ಬಗ್ಗಿ ನಿಂತೆ.

"ಟೊಮೊಟೊ ಗಿಡಕ್ಕೆ ಹುಳ ಬಿದ್ದೈತಂತೆ" ಎಂದಳು ದೊಡ್ಡಮ್ಮ. ಆಮೇಲೆ ಸುಮ್ಮನಾದಳು. ಎದುರಿಗಿರುವವರು ಒಂದು ಮಾತು ಆಡಿ ಮುಗಿಸುವಷ್ಟು ಹೊತ್ತು. "ಊಂ, ನಾನೂ ಅದ್ನೇ ಅಂದೆ. ನಿಮ್ ತಮ್ಮ ಕೇಳ್ಬೇಕಲ್ಲ" ಎಂದು ನಕ್ಕಳು.

ಅಲ್ಲಿ ಯಾರೂ ಇಲ್ಲವೆಂದು ನನ್ನಷ್ಟು ಚೆನ್ನಾಗಿ ಬಲ್ಲವರು ಯಾರಿದ್ದರು? ಆದರೂ ತಲೆ ಎತ್ತಿ ಡ್ರೈವರ್ ಸೀಟಿನ ಕಡೆ ನೋಡುವ ಧೈರ್ಯ ಬರಲಿಲ್ಲ.

ದೊಡ್ಡಮ್ಮ ಬದಲಾದಳು. ತಲೆ ಬಾಚಿಕೊಂಡಳು. ತಾನೇ ಮುದ್ದೆ ತೊಳಸಿದಳು, ಎರಡು ತುತ್ತು ಜಾಸ್ತಿ ಉಂಡಳು, ನನ್ನನ್ನು ಎಳೆದು ಕೂರಿಸಿಕೊಂಡು ಹೇನು ನೋಡಿದಳು. ಅಮ್ಮ ಹಿತ್ತಲಲ್ಲಿ ನಿಂತು ಕಣ್ಣೊರೆಸಿಕೊಂಡಳು. ನಾನು ಹೇಳಿದ್ದು ಸುಳ್ಳು ಎಂದು ಈಗ ಯಾವ ಬಾಯಲ್ಲಿ ಹೇಳಲಿ? ದಿನ ಕಳೆದಷ್ಟೂ ನನಗೇ ಊಟ ಸೇರದಾಯಿತು.

ಒಂದು ಸಂಜೆ ದೊಡ್ಡಮ್ಮ ನನ್ನನ್ನೂ ಕರೆದಳು. "ಬಾ ಅಮ್ಮಣ್ಣಿ, ಮಧ್ಯದಾಗೆ ಕೂತ್ಕೊ. ನಿನ್ನ ಕೇಳ್ತಾವ್ರೆ."

ಹೋಗದೆ ವಿಧಿಯಿರಲಿಲ್ಲ. ಹತ್ತಿ ಕೂತೆ. ಆ ವ್ಯಾನು ಓಡದೆ ವಾರವಾಗಿತ್ತು, ಹೂ ತುಂಬಿ ಇನ್ನೂ ಹೆಚ್ಚು ದಿನವಾಗಿತ್ತು. ಒಳಗೆ ಮಾತ್ರ ಹೊಸದಾಗಿ ಕಿತ್ತ ಗುಲಾಬಿಯ ವಾಸನೆ ಇತ್ತು. ದೊಡ್ಡಮ್ಮ ನನ್ನ ಕೈ ಹಿಡಿದು ಗೇರಿನ ಹಿಡಿಯ ಮೇಲೆ ಇಟ್ಟಳು. ಹಿಡಿ ಬೆಚ್ಚಗಿತ್ತು. ಮೋಡ ಮುಚ್ಚಿ ಬೆಳಗಿನಿಂದ ಬಿಸಿಲೇ ಕಾಣದ ದಿನ ಅದು. ಎಂಜಿನ್ ಆರಿದ್ದ ಗಾಡಿಯಲ್ಲಿ ಆ ಗೇರು ನನ್ನ ಅಂಗೈ ಕೆಳಗೆ ಸಣ್ಣಗೆ ಅದುರುತ್ತಿತ್ತು. ನನ್ನ ಕೈಯೇ ನಡುಗುತ್ತಿತ್ತೋ ಏನೋ, ಇವತ್ತಿಗೂ ಗೊತ್ತಿಲ್ಲ. ಕೈ ಕಿತ್ತುಕೊಂಡು ಇಳಿದು ಓಡಿ ಅಜ್ಜಿಯ ಸೆರಗಿನೊಳಗೆ ಮುಖ ಮುಚ್ಚಿಕೊಂಡೆ.

ಅಮಾವಾಸ್ಯೆ ಬಂತು. ನಮ್ಮಲ್ಲಿ ಸತ್ತವರಿಗೆ ಅವರ ಇಷ್ಟದ್ದನ್ನೆಲ್ಲ ಎಲೆಗೆ ಬಡಿಸಿ, ಬಾಗಿಲು ಮುಚ್ಚಿ, ಮನೆಯವರೆಲ್ಲ ಹೊರಗೆ ಬಂದು ನಿಲ್ಲುತ್ತಾರೆ. ಒಳಗೆ ಅವರು ಬಂದು ಉಂಡುಹೋಗುವವರೆಗೆ ಯಾರೂ ತಿರುಗಿ ನೋಡುವಂತಿಲ್ಲ. ಆ ವರ್ಷ ದೊಡ್ಡಮ್ಮ ಎಡೆಯನ್ನು ನಡುಮನೆಯಲ್ಲಿ ಇಡಲು ಒಪ್ಪಲಿಲ್ಲ. ಮುದ್ದೆ, ಕೋಳಿಸಾರು, ವಡೆ, ಕಜ್ಜಾಯ, ಒಂದು ಕಟ್ಟು ಬೀಡಿ ಎಲ್ಲವನ್ನೂ ವ್ಯಾನಿಗೆ ಒಯ್ದು ಡ್ರೈವರ್ ಸೀಟಿನ ಮೇಲೆ ಎಲೆ ಹಾಸಿ ಬಡಿಸಿದಳು. ಆಮೇಲೆ ಚಕ್ರದ ಹತ್ತಿರ ಬಂದು ನಿಂತಳು.

"ಕಲ್ಲು ತೆಗಿ ರಾಜಾ" ಎಂದಳು ಅಪ್ಪನಿಗೆ.

"ಇಳಿಜಾರು ಅತ್ಗೆ."

"ಉಣ್ಣಕ್ಕೆ ಬರೋರಿಗೆ ಅಡ್ಡಗಲ್ಲು ಇಡ್ತಾರಾ?"

ಅಪ್ಪ ಕಲ್ಲು ಎತ್ತಿದ. ಅಪ್ಪ ಹ್ಯಾಂಡ್‌ಬ್ರೇಕನ್ನು ನಂಬಿದವನಲ್ಲ, ಹಾಕುತ್ತಲೂ ಇರಲಿಲ್ಲ. ಗೇರು ಹೇಗೂ ಕಚ್ಚಿಕೊಂಡಿದೆ, ನಿಲ್ಲುತ್ತದೆ ಎಂದುಕೊಂಡನಂತೆ. ದೊಡ್ಡಮ್ಮ ಬಾಗಿಲನ್ನು ದಡ್ ಎಂದು ಹಾಕಿ ಬಂದಳು. ಮಧ್ಯಾಹ್ನದ ಹೊತ್ತು. ಎಲ್ಲರೂ ವ್ಯಾನಿಗೆ ಬೆನ್ನು ಹಾಕಿ ಮನೆಯ ಗೋಡೆಯ ಕಡೆ ಮುಖ ಮಾಡಿ ನಿಂತೆವು. ಒಂದು ಕಾಗೆ ಕೂಡ ಕೂಗುತ್ತಿರಲಿಲ್ಲ.

ಟಕ್ ಎಂದಿತು.

ಯಾರೂ ತಿರುಗಲಿಲ್ಲ. ಅಜ್ಜಿಯ ಹಿಡಿತ ನನ್ನ ಭುಜದ ಮೇಲೆ ಬಿಗಿಯಾಯಿತು. ನಾನು ಮಾತ್ರ ತಲೆ ತಿರುಗಿಸಿದೆ. ವ್ಯಾನು ಹೋಗುತ್ತಿತ್ತು. ಸದ್ದಿಲ್ಲದೆ, ಅವಸರವಿಲ್ಲದೆ, ಹಿಂದು ಹಿಂದಕ್ಕೆ. ಕಿಟಕಿಯಲ್ಲಿ ಯಾರೂ ಕಾಣಲಿಲ್ಲ. ಇಳಿಜಾರು ಇಳಿದು, ಹುಲ್ಲಿನ ಮೆದೆಗೆ ಹಿಂಭಾಗ ತಗುಲಿ ನಿಂತಿತು. ಅಲ್ಲಿಂದ ಬಾವಿಗೆ ನಾಲ್ಕು ಹೆಜ್ಜೆ. ಅಪ್ಪ ಓಡಿಹೋಗಿ ಬಾಗಿಲು ತೆಗೆದ, ನಾನೂ ಹಿಂದೆಯೇ ಹೋದೆ. ಎಲೆಯಿಂದ ಒಂದು ಹನಿ ಸಾರೂ ಚೆಲ್ಲಿರಲಿಲ್ಲ. ಮುದ್ದೆಯ ಒಂದು ಬದಿ ಮಾತ್ರ ಮುರಿದಿತ್ತು.

ದೊಡ್ಡಮ್ಮ ಕೈ ಮುಗಿದುಕೊಂಡು ಬಂದಳು. ಅವಳ ಮುಖದಲ್ಲಿ ಅಂಥ ಸಂತೋಷವನ್ನು ನಾನು ದೊಡ್ಡಪ್ಪ ಬದುಕಿದ್ದಾಗಲೂ ಕಂಡಿರಲಿಲ್ಲ.

"ಹೊರಡಕ್ಕೆ ನಿಂತವ್ರೆ" ಎಂದಳು. "ಆಯುಧಪೂಜೆ ದಿನ ಅವರೇ ಓಡಿಸ್ತಾರೆ. ಕೀ ಗಾಡೀಲೇ ಬಿಟ್ಟಿರು ರಾಜಾ. ಕಲ್ಲು ಇಡ್ಬ್ಯಾಡ. ಅವತ್ತು ನಾನು ಪಕ್ಕದಾಗೆ ಕೂರ್ತೀನಿ. ಅಮ್ಮಣ್ಣೀನೂ ಕರ್ಕಂಡ್ ಹೋಗಾನ ಅಂತಾವ್ರೆ."

ಅಪ್ಪ ಬಾವಿಯ ಕಡೆ ಒಮ್ಮೆ ನೋಡಿದ, ನನ್ನ ಕಡೆ ಒಮ್ಮೆ ನೋಡಿದ. ಅವತ್ತೇ ಜನ ಕರೆದು ವ್ಯಾನನ್ನು ಮೇಲಕ್ಕೆ ತಳ್ಳಿಸಿ, ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟು, ಕೀಯನ್ನು ಜೇಬಿಗೆ ಹಾಕಿಕೊಂಡ. ಬೆಳಗಾಗುತ್ತಲೇ ನೋಡಿದರೆ ಒಂದು ಚಕ್ರದ ಕಲ್ಲು ಅಲ್ಲಿರಲಿಲ್ಲ. ಅದನ್ನು ತೆಗೆದವರು ಯಾರೆಂದು ಅಪ್ಪ ಕೇಳಲಿಲ್ಲ. ಸೈಕಲ್ ಹತ್ತಿ ನೇರ ಆಲಸನತ್ತಕ್ಕೆ ಹೋದ.

ಮೆಕ್ಯಾನಿಕ್ ಸೆಲ್ವಂ ತಮಿಳಿನವನು. ನಾವು ಸೆಲ್ವಣ್ಣ ಅನ್ನುತ್ತಿದ್ದೆವು. ಅಂಗಳಕ್ಕೆ ಬಂದವನೇ ಚೀಲ ಇಳಿಸಿ, "ಏನಣ್ಣೆ ವಂಡಿಗೆ?" ಎಂದು ವ್ಯಾನಿನ ಕಡೆ ನೋಡಿದ. ದೆವ್ವದ ಮಾತು ಹೇಳಲು ಅಪ್ಪನಿಗೆ ನಾಚಿಕೆ. ನ್ಯೂಟ್ರಲ್ಲಿಗೆ ಬರುತ್ತಿಲ್ಲ ಎಂದಷ್ಟೇ ಹೇಳಿದ. ಸೆಲ್ವಣ್ಣ ಸ್ಪ್ಯಾನರ್ ಹಿಡಿದು ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ದೊಡ್ಡಮ್ಮ ಬಂದು ಅಡ್ಡ ನಿಂತಳು.

"ಮುಟ್ಬ್ಯಾಡಪ್ಪ. ಒಳಗೆ ಅವ್ರೆ."

ಸೆಲ್ವಣ್ಣ ಎರಡು ಹೆಜ್ಜೆ ಹಿಂದಕ್ಕೆ ಬಂದ. ಅಪ್ಪ ತಲೆ ತಗ್ಗಿಸಿದ. ಅತ್ತಿಗೆಯನ್ನು ಪಕ್ಕಕ್ಕೆ ಸರಿಸುವ ಧೈರ್ಯ ಅವನಿಗೆ ಯಾವತ್ತೂ ಇರಲಿಲ್ಲ. ಸೆಲ್ವಣ್ಣ ಚೀಲಕ್ಕೆ ಸ್ಪ್ಯಾನರ್ ವಾಪಸ್ ಹಾಕುವುದನ್ನು ನಾನು ನೋಡಿದೆ. ಅವನು ಹೋದರೆ ಇವತ್ತೋ ನಾಳೆಯೋ ದೊಡ್ಡಮ್ಮ ಉಳಿದ ಕಲ್ಲುಗಳನ್ನೂ ತೆಗೆದು ಆ ಸೀಟಿನಲ್ಲಿ ಕೂರುತ್ತಾಳೆ, ಬಾವಿಗೆ ಹೋಗುತ್ತಾಳೆ. ನಾನು ಬಾಯಿ ಬಿಟ್ಟರೆ ದೊಡ್ಡಪ್ಪ ಇನ್ನೊಂದು ಸಲ ಸಾಯುತ್ತಾನೆ. ಒಂಬತ್ತು ವರ್ಷದವಳಿಗೆ ಇಷ್ಟೆಲ್ಲ ಹೊಳೆಯುತ್ತದೆಯೇ ಎಂದು ಕೇಳಬೇಡಿ. ಹೊಳೆಯಿತು.

"ನಾನೇ ಮುಟ್ಟಿದ್ದು" ಎಂದೆ. "ಗೇರ್ ಹಾಕಿದ್ದು ನಾನೇ. ಅಲ್ಲಿ ದೊಡ್ಡಪ್ಪ ಇರ್ಲಿಲ್ಲ."

ದೊಡ್ಡಮ್ಮ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಸೆಲ್ವಣ್ಣ ಮಾತ್ರ ನನ್ನ ಹತ್ತಿರ ಬಂದು ಬಗ್ಗಿದ.

"ಹಾಕಿದ್ಮೇಲೆ ಏನ್ ಮಾಡ್ದೆ ಪಾಪ್ಪಾ?"

"ವಾಪಸ್ ಮಧ್ಯಕ್ಕೆ ತಂದೆ."

"ಅಲ್ಲಾಡಿಸಿ ನೋಡಿದ್ಯಾ? ಲೂಸಾಗಿತ್ತಾ?"

"ಲೂಸಾಗಿತ್ತು. ಅಪ್ಪಾನೂ ನೋಡ್ದ."

ಸೆಲ್ವಣ್ಣ ಅಪ್ಪನ ಕಡೆ ತಿರುಗಿದ. "ಮಗೂದು ತಪ್ಪಿಲ್ಲಣ್ಣೆ. ಮೇಲೆ ಕೋಲು ಮಧ್ಯಕ್ಕೆ ಬಂದ್ಬುಡುತ್ತೆ, ಒಳಗಿರೋ ರಾಡು ಬರಲ್ಲ. ಮೇಲೆ ನ್ಯೂಟ್ರಲ್, ಕೆಳಗೆ ಗೇರಲ್ಲೇ ಇರುತ್ತೆ. ಒಂದೊಂದ್ಸಲ ತಾನೇ ಜಾರಿ ಬಿಟ್ಕೊಳ್ಳುತ್ತೆ. ರಾಡನ್ನ ಹಿಡಿಯೋಕೆ ಒಂದು ಗುಂಡು, ಒಂದು ಸ್ಪ್ರಿಂಗ್ ಇರುತ್ತೆ. ಅದು ಮುರಿದಿರುತ್ತೆ ನೋಡಿ. ಪೇಯೂ ಇಲ್ಲ, ಪಿಶಾಚಿನೂ ಇಲ್ಲ."

ಎಲ್ಲವನ್ನೂ ದೊಡ್ಡಮ್ಮ ನಿಂತು ಕೇಳಿಸಿಕೊಂಡಳು. ಆಮೇಲೆ ಕೇಳಿದಳು: "ಸರಿ ಮಾಡಿದ್ರೆ ಹೆಂಗಿರ್ತದೆ?"

"ಗೇರಿಂದ ತೆಗೆದು ಕೈ ಬಿಟ್ರೆ ತಾನಾಗೇ ಮಧ್ಯಕ್ಕೆ ಬಂದು ನಿಂತ್ಕೊಳ್ಳುತ್ತೆ ಅಕ್ಕಾ. ಯಾರೂ ಹಿಡ್ಕೊಂಡಿರಲ್ಲ."

"ಮಾಡು" ಎಂದು ಪಕ್ಕಕ್ಕೆ ಸರಿದಳು.

ಸೆಲ್ವಣ್ಣ ಗೇರುಬಾಕ್ಸಿನ ಮುಚ್ಚಳ ಬಿಚ್ಚಿದ. ಕಪ್ಪು ಎಣ್ಣೆಯೊಳಗೆ ಬೆರಳಾಡಿಸಿ ಕಡಲೆಕಾಳಿನಷ್ಟಿದ್ದ ಒಂದು ಗುಂಡನ್ನು ತೆಗೆದ. ಅದರ ಹಿಂದೆಯೇ ಎರಡು ತುಂಡಾಗಿದ್ದ ಸ್ಪ್ರಿಂಗ್ ಬಂತು. ಅದನ್ನು ಒರೆಸಿ ನನ್ನ ಅಂಗೈಗೆ ಹಾಕಿ, "ಇದೇ ನೋಡು ನಿನ್ ದೆವ್ವ" ಎಂದ. ಕೋಲಿನ ಬುಡದಲ್ಲಿ ಸವೆದಿದ್ದ, ಬಳೆಯಂಥ ಬುಷ್ಷನ್ನೂ ಬದಲಾಯಿಸಿದ. ಮಧ್ಯಾಹ್ನದ ಊಟದ ಹೊತ್ತಿಗೆ ಕೆಲಸ ಮುಗಿಯಿತು. ಅಪ್ಪ ಗೇರಿಗೆ ಹಾಕಿ, ತೆಗೆದು, ನೆಲದ ಮೇಲೆ ನಿಂತೇ ಕೀ ತಿರುಗಿಸಿದ. ಎಂಜಿನ್ ಓಡಿತು. ವ್ಯಾನು ನಿಂತಲ್ಲೇ ನಿಂತಿತ್ತು.

ಸೆಲ್ವಣ್ಣ ಹೋದ ಮೇಲೆ ದೊಡ್ಡಮ್ಮ ವ್ಯಾನು ಹತ್ತಿದಳು. ಈ ಸಲ ಡ್ರೈವರ್ ಸೀಟಿನಲ್ಲೇ ಕೂತಳು. ಗೇರಿನ ಹಿಡಿಯನ್ನು ಒಂದು ಬದಿಗೆ ಒತ್ತಿ ಹಿಡಿದು ಕೈ ಬಿಟ್ಟಳು. ಅದು ಟಕ್ಕನೆ ಮಧ್ಯಕ್ಕೆ ಬಂದು ನಿಂತಿತು. ಇನ್ನೊಂದು ಬದಿಗೆ ಒತ್ತಿ ಬಿಟ್ಟಳು. ಬಂತು. ಎಷ್ಟು ಸಲ ಹಾಗೆ ಮಾಡಿದಳೋ ನಾನು ಎಣಿಸಲಿಲ್ಲ. ಆಮೇಲೆ ಇಳಿದು ತೊಟ್ಟಿಯ ಹತ್ತಿರ ಹೋಗಿ, ಮಣ್ಣು ಮಾಡಿ ಬಂದವರು ತೊಳೆಯುವ ಹಾಗೆ ಮೊಣಕಾಲಿನವರೆಗೆ ಕಾಲು ತೊಳೆದುಕೊಂಡಳು. ಹೊಸಲು ದಾಟಿ ಒಳಗೆ ಬಂದು ಗೋಡೆಗೆ ಒರಗಿ ಕೂತು ಅಳತೊಡಗಿದಳು. ಮೂರು ದಿನ ಅತ್ತಳು. ಸದ್ಯ ಅತ್ತಳಲ್ಲ, ಇನ್ನು ಉಳಿಯುತ್ತಾಳೆ ಎಂದು ಅಜ್ಜಿ ದೇವರಿಗೆ ಕೈ ಮುಗಿದಳು.

ಉಳಿದಳು. ನನ್ನ ಮದುವೆ, ನನ್ನ ಹೆರಿಗೆ ಎಲ್ಲ ಅವಳ ಕೈಯಲ್ಲೇ ಆಯಿತು. ಆ ಪಿತೃಪಕ್ಷದ ಮಾತನ್ನು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ. ನನ್ನೊಳಗೆ ಅದು ಕೊರೆಯುತ್ತಲೇ ಇತ್ತು. ಅವಳು ಹಾಸಿಗೆ ಹಿಡಿದ ವರ್ಷ, ತಲೆಗೆ ಎಣ್ಣೆ ಹಚ್ಚುತ್ತಾ ಕೂತಿದ್ದಾಗ ತಡೆಯದೆ ಹೇಳಿಬಿಟ್ಟೆ. "ದೊಡ್ಡಮ್ಮ, ಅವತ್ತು ಸುಳ್ಳು ಹೇಳಿ ನಿನಗೆ ಮೋಸ ಮಾಡ್ಬುಟ್ಟೆ."

ದೊಡ್ಡಮ್ಮ ಕಣ್ಣು ಮುಚ್ಚಿಕೊಂಡೇ ನಕ್ಕಳು. "ನೀನು ಸುಳ್ಳು ಹೇಳ್ತಾ ಇದ್ದೀಯ ಅಂತ ಅವತ್ತೇ ಗೊತ್ತಿತ್ತು ಕಣೆ. ನಿನ್ನ ಮೊಕ ಓದಕ್ಕೆ ಬರಲ್ವಾ ನಂಗೆ? ಮನೇಲಿ ಅವರ ಹೆಸರು ಎತ್ತೋರೇ ಇರ್ಲಿಲ್ಲ. ನೀನೊಬ್ಬಳು ಎತ್ತಿದೆ, ಅದಕ್ಕೆ ಹೋಗಿ ಕೂತೆ."

ನಾನು ಎಣ್ಣೆ ಹಚ್ಚುವುದನ್ನು ನಿಲ್ಲಿಸಿದೆ.

"ಎರಡು ದಿನ ಸುಮ್ನೆ ಕೂತೆ" ಎಂದಳು. "ಮೂರನೇ ದಿನ ಬಂದ್ರು."

ಈಗ ಆ ಬಾವಿಯನ್ನು ಮುಚ್ಚಿ ಸೈಟು ಮಾಡಿದ್ದಾರೆ. ಕೊಟ್ಟಿಗೆ ಇದ್ದ ಜಾಗದಲ್ಲಿ ಫ್ಯಾಕ್ಟರಿ ಹುಡುಗರ ಬಾಡಿಗೆ ಮನೆಗಳಿವೆ. ವ್ಯಾನು ಗುಜರಿಗೆ ಹೋಯಿತು. ನಾನು ಓಡಿಸುವ ಕಾರಿನಲ್ಲಿ ಗೇರಿಗೆ ಕೈ ಹಾಕುವ ಕೆಲಸವೇ ಇಲ್ಲ. ಅಮಾವಾಸ್ಯೆಗೆ ಎಡೆ ಇಡುತ್ತೇವೆ, ಬಾಗಿಲು ಮುಚ್ಚಿ ಹೊರಗೆ ನಿಲ್ಲುತ್ತೇವೆ. ಮಕ್ಕಳು ಮೊಬೈಲು ನೋಡುತ್ತಿರುತ್ತಾರೆ. ದೊಡ್ಡಮ್ಮ ಹೋಗಿ ನಾಲ್ಕು ವರ್ಷವಾಯಿತು. ಎಡೆಯ ದಿನ ಬಾಗಿಲು ತೆಗೆದ ಮೇಲೆ ನಾನು ಮಗಳನ್ನು ಕೇಳುತ್ತೇನೆ, ಒಳಗೆ ಯಾರಾದರೂ ಕಂಡರಾ ಎಂದು.

"ಯಾರೂ ಇಲ್ಲಮ್ಮ" ಅನ್ನುತ್ತಾಳೆ. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ.